ಸುಮ್ಕಿಟಕಿ

ನಮ್ಮೂರಿನಲ್ಲಿ ಮುನ್ನೂರ ಹನ್ನೆರಡು ಮನೆಗಳಿವೆ. ಹೋದ ಸಲ ಬೇಟೆಯ ದಿನಗಳು ಶುರುವಾಗುವ ಮುಂಚೆ ನಾನೇ ಬೀದಿ ಬೀದಿ, ಗುಡ್ಡದ ಮೇಲೂ ಸುತ್ತಿ ಎಣಿಸಿದಂತೆ ಕಿಟಕಿಗಳು ಸಾವಿರದ ನಾನೂರ ಆರು. ಇವುಗಳಲ್ಲಿ ತೆರೆದರೆ ಏನೂ ಮಾತಾಡದೆ, ಬೇಟೆಗೆ ಒದಗುವವು ಹತ್ತೊಂಬತ್ತು ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿದೆ. ಇಪ್ಪತ್ತು ಎಂದು ಹಾಕಬೇಕಿತ್ತು. ಆ ಒಂದು ಹೇಗೆ ತಪ್ಪಿಹೋಯಿತು ಎಂದು ಹೇಳುವುದು ನನ್ನ ಕೆಲಸ, ಏಕೆಂದರೆ ತಪ್ಪು ನನ್ನದೇ.

ಉಳಿದ ಕಿಟಕಿಗಳೆಲ್ಲ, ತಮ್ಮಿಂದ ಒಂದು ತೋಳಿನಳತೆಯೊಳಗೆ ಯಾರಾದರೂ ಕೊನೆಯದಾಗಿ ಆಡಿದ ಮಾತನ್ನು, ತೆರೆದಾಗಲೆಲ್ಲ, ಆಡಿದವರ ದನಿಯಲ್ಲೇ ಆಡುತ್ತವೆ. ಅಂಚೆ ಕಚೇರಿಯ ಕಿಟಕಿ "ನಾಳೆ ಬನ್ನಿ" ಎನ್ನುತ್ತದೆ. ಶಾಲೆಯ ಐದೂ ಕಿಟಕಿಗಳು "ಕೂತ್ಕಳ್ರೋ" ಎನ್ನುತ್ತವೆ. ನಮ್ಮ ವಾರಪತ್ರಿಕೆಯ ಕಚೇರಿಗೆ ಇರುವುದು ಒಂದೇ ಕಿಟಕಿ. ಅದು, ಹದಿನೆಂಟು ವರ್ಷದ ಹಿಂದೆ ತೀರಿಕೊಂಡ ನಮ್ಮ ಕರಡು ತಿದ್ದುವ ಶೇಷಗಿರಿರಾಯರ ದನಿಯಲ್ಲಿ "ಇಲ್ಲೊಂದು ದೀರ್ಘ ಬಿಟ್ಟಿದೆ" ಎನ್ನುತ್ತಿತ್ತು. ಅವರ ಮೇಲಿನ ಗೌರವಕ್ಕೆ ನಾನು ಅದರ ಹತ್ತಿರ ಬಾಯಿ ಬಿಡುತ್ತಿರಲಿಲ್ಲ. ಊರಿನಲ್ಲಿ ಜಗಳ ಆಡುವವರು ಬೀದಿಯ ನಡುವೆ ಬಂದು ಆಡುತ್ತಾರೆ. ಸತ್ತವರ ಕೊನೆಯ ಮಾತು ಉಳಿದಿರುವ ಕಿಟಕಿಯನ್ನು ಮನೆಯವರು ವರ್ಷಕ್ಕೊಮ್ಮೆ, ತಿಥಿಯ ದಿನ, ತೆರೆದು ಕೇಳಿ ಮುಚ್ಚುತ್ತಾರೆ. ಇವೆಲ್ಲ ಅಭ್ಯಾಸವಾಗಿಹೋದ ಸಂಗತಿಗಳು. ತೊಂದರೆ ಬರುವುದು ಜಿಂಕೆ ಬೇಟೆಯ ಹದಿನೈದು ದಿನ ಮಾತ್ರ.

ಊರಿನ ಬಡಗಣ ಗುಡ್ಡದ ಇಳಿಜಾರಿನಲ್ಲಿ, ಹುರುಳಿ ಹೊಲಗಳ ಅಂಚಿಗೆ, ಇಪ್ಪತ್ತು ಮರೆಗೂಡುಗಳಿವೆ. ಹಲಗೆ, ತಗಡು, ಹಳೆಯ ಬಾಗಿಲು, ಕೈಗೆ ಸಿಕ್ಕಿದ್ದರಲ್ಲಿ ಆಯಾ ಮನೆಯವರೇ ಕಟ್ಟಿಕೊಂಡವು. ಒಬ್ಬರು ಮಣೆಯ ಮೇಲೆ ಕೂತರೆ ಇನ್ನೊಬ್ಬರು ಮುದುಡಿಕೊಂಡು ಕೂರುವಷ್ಟು ಜಾಗ. ಒಂದು ಗೂಡಿಗೆ ವರ್ಷಕ್ಕೆ ಒಂದು ಜಿಂಕೆ. ಅದರ ಮಾಂಸವನ್ನು ಗೂಡಿನ ಮನೆಯವರು ತಮ್ಮ ಬೀದಿಗೆಲ್ಲ ಹಂಚಬೇಕು. ಸತತ ಮೂರು ವರ್ಷ ಜಿಂಕೆ ತರದ ಮನೆ ಗೂಡಿನ ಜಾಗವನ್ನು ಬಿಟ್ಟುಕೊಡಬೇಕು. ಜಾಗಕ್ಕೆ ಕಾಯುವವರು ಬಹಳ. ಬಿಟ್ಟುಕೊಟ್ಟವರಿಗೂ ಮಾಂಸ ಸಿಗುತ್ತದೆ, ಹಸಿವಿನ ಪ್ರಶ್ನೆಯಲ್ಲ. ಆದರೆ ಅಲ್ಲಿಯವರೆಗೆ ಬೋಗುಣಿ ತುಂಬಿಸಿ ಕಳಿಸುತ್ತಿದ್ದ ಮನೆ, ಆಮೇಲೆ ಬೋಗುಣಿ ಹಿಡಿದು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವ ಮನೆಯಾಗುತ್ತದೆ.

ಗೂಡಿಗೆ ಕಿಟಕಿ ಬೇಕೇ ಬೇಕು. ಮುಚ್ಚದಿದ್ದರೆ ಮನುಷ್ಯರ ವಾಸನೆ ಗಾಳಿಗೆ ಹೋಗುತ್ತದೆ, ತೆರೆಯದಿದ್ದರೆ ಕೋವಿಯ ಮೂತಿ ಹೊರಗೆ ಹೋಗುವುದಿಲ್ಲ. ತೆರೆದ ಕ್ಷಣ ಕಿಟಕಿ "ಯಾಕ್ಲಾ ಇಷ್ಟೊತ್ತು?" ಎಂದರೆ ಜಿಂಕೆ ಗುಡ್ಡದ ಆಚೆ ಇರುತ್ತದೆ. ಆದ್ದರಿಂದ ಹುಟ್ಟಿದಾಗಿನಿಂದ ಒಂದೇ ಒಂದು ಮಾತೂ ಕೇಳದ ಕಿಟಕಿ ಬೇಕು. ಅಂಥದಕ್ಕೆ ನಮ್ಮೂರಿನಲ್ಲಿ ಸುಮ್ಕಿಟಕಿ ಎಂದು ಹೆಸರು. ಒಮ್ಮೆ ಮಾತು ಕಲಿತ ಕಿಟಕಿಯನ್ನು ಮತ್ತೆ ಸುಮ್ಮನಾಗಿಸುವ ಉಪಾಯ ಯಾರಿಗೂ ಸಿಕ್ಕಿಲ್ಲ. ಹೊಸ ಕಿಟಕಿಯ ಮರ ಕೆಲವು ವರ್ಷ ಕಿರುಗುಟ್ಟುತ್ತಲೇ ಇರುತ್ತದೆ; ಅದು ನಿಲ್ಲುವವರೆಗೆ ಸುಮ್ಕಿಟಕಿಯನ್ನು ಹಸುವನ್ನು ಸಾಕಿದಂತೆ ಸಾಕಬೇಕು, ಅದೂ ಗುಟ್ಟಾಗಿ. ಸಾಕುತ್ತಿದ್ದೇನೆ ಎಂದು ಯಾರಿಗಾದರೂ ಹೇಳಿದರೆ ಅವರು ನೋಡಲು ಬರುತ್ತಾರೆ, ಬಂದವರು ಅದರ ಮುಂದೆ ನಿಂತು "ಹೌದಾ?" ಎನ್ನುತ್ತಾರೆ. "ಹೌದಾ?" ಎನ್ನುವ ಕಿಟಕಿಗಳು ಊರಿನಲ್ಲಿ ನಲವತ್ತೊಂದಿವೆ.

ಗೂಡಿಗೆ ಕಿಟಕಿ ಆರಿಸಿ ಕೊಡುವವರು ಚಿಕ್ಕೀರಮ್ಮ. ಬಡಗಿಯ ಮಗಳು, ಬಡಗಿಯ ಹೆಂಡತಿ, ಆದರೆ ಸ್ವತಃ ಉಳಿ ಹಿಡಿದವರಲ್ಲ. ವಯಸ್ಸು ಅರವತ್ತಮೂರು. ಮೂವತ್ತು ವರ್ಷದಲ್ಲಿ ಅವರು ಆರಿಸಿದ ಕಿಟಕಿ ಒಂದೂ ಕೈಕೊಟ್ಟಿಲ್ಲ ಎಂದು ಜನ ಹೇಳುತ್ತಾರೆ. ಜನ ಹೇಳಿದ್ದನ್ನು ನಾನು ಹಾಗೆಯೇ ಬರೆಯುವುದಿಲ್ಲ. ಇಪ್ಪತ್ತು ಮನೆಗಳಲ್ಲೂ ವಿಚಾರಿಸಿದೆ. ನಿಜ.

ಅವರ ಮನೆಯ ಗೋಡೆಗೆ ಇಪ್ಪತ್ತು ದಾರಗಳು ನೇತಾಡುತ್ತವೆ, ಗೂಡಿಗೊಂದು. ಗೂಡಿನ ಯಜಮಾನನನ್ನು ಅವನದೇ ಮಣೆಯ ಮೇಲೆ ಕೂರಿಸಿ, ಮೊಣಕೈ ಬರುವಲ್ಲಿ ಒಂದು ಗಂಟು, ಹುಬ್ಬು ಬರುವಲ್ಲಿ ಒಂದು ಗಂಟು ಹಾಕಿದ ದಾರ. ಕಿಟಕಿಯ ಎತ್ತರ ಆ ಎರಡು ಗಂಟುಗಳ ನಡುವಿನಷ್ಟೇ ಇರಬೇಕು. ಕದ ರೆಕ್ಕೆಯಂತೆ ತೆರೆಯಬಾರದು, ಪಕ್ಕಕ್ಕೆ ಸರಿಯಬೇಕು. ಅದು ಸರಿಯುವ ಗಾಡಿಗೆ, ಅಂದರೆ ಚೌಕಟ್ಟಿನ ತೋಡಿಗೆ, ಕಂಬಳಿಯ ಪಟ್ಟಿ ಹಾಕಿರಬೇಕು. ಕಬ್ಬಿಣದ ಚಿಲಕ ಕೂಡದು, ಮರದ ಗೂಟ ಸಾಕು. ಗಾಜಿನ ಮೇಲ್ತುದಿ ಒಂದು ಬೆರಳಿನಷ್ಟು ಹೊರಕ್ಕೆ ಬಾಗಿರಬೇಕು; ಆಗ ಜಿಂಕೆಗೆ ಗಾಜಿನಲ್ಲಿ ಆಕಾಶ ಹೊಳೆಯುವುದಿಲ್ಲ, ಹುಲ್ಲು ಕಾಣುತ್ತದೆ. ಕೋವಿಯನ್ನು ಬಲಗೈಯಲ್ಲಿ ಹಿಡಿಯುವವನು ಎಡಗೈಯಿಂದ ಕದ ಸರಿಸುತ್ತಾನೆ, ಹಾಗಾಗಿ ಕದ ಎಡಕ್ಕೆ ಹೋಗಬೇಕು. ಇದೆಲ್ಲ ನೋಡಿ ಮುಗಿದ ಮೇಲೆಯೇ ಅವರು ಕಿಟಕಿ ಮಾತಾಡುತ್ತದೋ ಇಲ್ಲವೋ ಎಂದು ತೆರೆದು ನೋಡುವುದು. "ಸುಮ್ನಿರೋದೊಂದೇ ಸಾಲ್ದು" ಎನ್ನುತ್ತಾರೆ.

ಹೋದ ವರ್ಷ ಗಿರಣಿಯ ಹಾಲಪ್ಪ ಒಂದು ಸುಮ್ಕಿಟಕಿಯನ್ನು ತಲೆಯ ಮೇಲೆ ಹೊತ್ತು ತಂದಿದ್ದ. ಉಗ್ರಾಣದಲ್ಲಿ ಒಂಬತ್ತು ವರ್ಷ ಸಾಕಿದ್ದು, ಮಂಚದಷ್ಟು ಅಗಲ. ಚಿಕ್ಕೀರಮ್ಮ ಅದನ್ನು ತೆರೆದೂ ನೋಡಲಿಲ್ಲ.

"ಯಾಕಕ್ಕಾ, ಒಂದ್ ಮಾತೂ ಆಡಕಿಲ್ಲ ಇದು" ಎಂದ ಹಾಲಪ್ಪ.

"ಆಡ್ದೇ ಇರ್ಬೋದು ಕಣಪ್ಪ. ಆದ್ರೆ ಇದ್ರಾಗೆ ನೀನು ಜಿಂಕೆ ನೋಡೋಕ್ ಮುಂಚೆ ಜಿಂಕೆ ನಿನ್ ಮೀಸೆ ಎಣಿಸ್ತದೆ. ತಗಂಡೋಗಿ ಗಿರಣಿಗೆ ಹಾಕು. ಬೆಳಕಾದ್ರೂ ಬತ್ತದೆ."

ನಾನು ಅಲ್ಲಿದ್ದದ್ದು ಬೇಟೆ ಪಟ್ಟಿಗಾಗಿ. ಹದಿನೈದು ದಿನ ಮುಗಿದ ಮೇಲೆ ಪತ್ರಿಕೆಯಲ್ಲಿ ಒಂದು ಪುಟ ಅದಕ್ಕೇ ಮೀಸಲು. ಗೂಡು ಯಾರದು, ಜಿಂಕೆ ಬಂತೋ ಇಲ್ಲವೋ, ಕಿಟಕಿ ಸಾಕಿದವರು ಯಾರು. ಜನ ಮೂರನೆಯ ಅಂಕಣವನ್ನೇ ಮೊದಲು ಓದುತ್ತಾರೆ.

ಹಾಲಪ್ಪ ಹೋದ ಹಿಂದೆಯೇ ಬಂದವನು ಕಾಟಯ್ಯ. ಹೆಂಚಿನ ಭಟ್ಟಿಯಲ್ಲಿ ಕೆಲಸ, ನನ್ನ ಜೊತೆ ಆರನೆಯ ತರಗತಿಯವರೆಗೆ ಓದಿದವನು, ಎಡಚ. ಊರು ಅವನನ್ನು ಕಡಜದ ಕಾಟಯ್ಯ ಎನ್ನುತ್ತದೆ. ಅದಕ್ಕೆ ಎರಡು ವರ್ಷ ಮುಂಚೆ, ಬೇಟೆಯ ಮೊದಲ ದಿನ, ಅವನ ಅಪ್ಪನ ಕಾಲದ ಸುಮ್ಕಿಟಕಿಯ ಮುಂದೆ ಕೂತಿದ್ದಾಗ ಕಡಜ ಕುತ್ತಿಗೆಗೆ ಕುಟುಕಿತು. "ಥೂ, ಕಡಜ!" ಎಂದುಬಿಟ್ಟ. ನಲವತ್ತು ವರ್ಷ ಸುಮ್ಮನಿದ್ದ ಕಿಟಕಿ ಅಂದಿನಿಂದ ತೆರೆದಾಗಲೆಲ್ಲ "ಥೂ, ಕಡಜ!" ಎನ್ನುತ್ತದೆ. ಆ ವರ್ಷ ಜಿಂಕೆ ಬರಲಿಲ್ಲ, ಮರುವರ್ಷವೂ ಇಲ್ಲ. ಇದು ಮೂರನೆಯದು.

"ಚಿಕ್ಕೀರಕ್ಕ, ಯಾವ್ದಾದ್ರೂ ಒಂದು ಕೊಡು. ವಾರೆ ಆದ್ರೂ ಸರಿ, ಡೊಂಕಾದ್ರೂ ಸರಿ" ಎಂದ ಕಾಟಯ್ಯ.

"ಗೂಡಿಗಾಗೋವು ಹತ್ತೊಂಬತ್ತು. ಹತ್ತೊಂಬತ್ತೂ ಗುಡ್ಡದ ಮೇಲವೆ. ನಾನೇನು ಹಿಟ್ಟಿನಾಗೆ ಮಾಡ್ಕೊಡ್ಲಾ?" ಎಂದರು ಚಿಕ್ಕೀರಮ್ಮ. ಅವನ ಮುಖ ನೋಡಿ ಎದ್ದರು. ಗೋಡೆಯಿಂದ ಅವನ ದಾರವನ್ನು ಬಿಚ್ಚಿಕೊಂಡರು. "ನಡಿ, ನಿನ್ ಮನೆ ಕಿಟ್ಕಿಗಳನ್ನ ನೋಡಾಣ. ಪೇಪರಣ್ಣ, ನೀವೂ ಬರ್ರಿ."

ಕಾಟಯ್ಯನ ಮನೆಯಲ್ಲಿ ಐದು ಕಿಟಕಿಗಳು. ಮುಂದಿನದನ್ನು ತೆರೆದರೆ ಅವನದೇ ದನಿ: "ಯಾರದು?" ಪಕ್ಕದ್ದು ಅವನ ತಾಯಿಯ ದನಿಯಲ್ಲಿ "ಹೇಯ್ ಹೇಯ್, ಅವರೆ ತಿಂತು!" ಎಂದು ಮೇಕೆಗೆ ಕೂಗಿತು, ಆ ಮೇಕೆ ಸತ್ತೇ ಹತ್ತು ವರ್ಷವಾಗಿದೆ. ಮಲಗುವ ಕೋಣೆಯದು "ಇನ್ನೊಂದ್ ಗಳಿಗೆ, ಎದ್ದೆ" ಎಂದಿತು. ಅಟ್ಟದ್ದು ಯಾರೋ ನೆಂಟರ ದನಿಯಲ್ಲಿ "ಶಿವನೇ, ಏನ್ ಧೂಳು" ಎಂದಿತು. ಚಿಕ್ಕೀರಮ್ಮ ನಗಲಿಲ್ಲ. ಪ್ರತಿಯೊಂದನ್ನೂ ಅಳೆದೇ ತೆರೆದರು, ಪೂರ್ತಿ ಕೇಳಿಯೇ ಮುಚ್ಚಿದರು.

"ಅಡುಗೆಮನೇದು?"

ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿತ್ತು. ಒಲೆಯನ್ನು ಕಾಟಯ್ಯ ಜಗಲಿಗೆ ತಂದುಕೊಂಡಿದ್ದ.

"ಅದ್ ಬ್ಯಾಡ ಅಕ್ಕ. ಅದ್ರಾಗೆ ಓಬಕ್ಕನ ಮಾತೈತೆ."

ಓಬಕ್ಕ ಅವನ ಹೆಂಡತಿ. ಅದಕ್ಕೆ ನಾಲ್ಕು ವರ್ಷ ಮುಂಚೆ, ಆರು ದಿನದ ಜ್ವರದಲ್ಲಿ ತೀರಿಕೊಂಡಿದ್ದರು.

"ಏನ್ ಮಾತು?"

"ಗೊತ್ತಿಲ್ಲ. ತೆಗೆದಿಲ್ಲ."

"ನಾಕ್ ವರ್ಷದಿಂದ್ಲೂ? ತಿಥಿ ದಿನಾನೂ?"

"ಎಷ್ಟ್ ಸಲ ತೆಗೆದ್ರೂ ಹೇಳ್ತದೆ, ಅದು ನಿಜ. ಆದ್ರೆ ಮೊದಲ್ನೇ ಸಲ ಅನ್ನೋದು ಒಂದೇ ಸಲ ಅಲ್ವಾ ಅಕ್ಕ? ಅದು ಮುಗುದ್ರೆ ಇನ್ನೇನೈತೆ ನಂಗೆ?" ಎಂದ ಕಾಟಯ್ಯ, ನನ್ನ ಕಡೆ ಕೈ ತೋರಿಸಿದ. "ಪೇಪರಣ್ಣನೇ ಬರ್ದವ್ರೆ. ಕೇಳು ಬೇಕಾದ್ರೆ."

ಅವನು ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದ. ಮಡಿಕೆಗಳಲ್ಲಿ ಹರಿದು, ಹಿಂದೆ ಬಟ್ಟೆ ಅಂಟಿಸಿಕೊಂಡಿದ್ದ ನನ್ನ ಪತ್ರಿಕೆಯ ತುಂಡು, ಓಬಕ್ಕನವರ ನಿಧನ ವಾರ್ತೆ. "ಪ್ರತಿ ಸಂಜೆ ಅಡುಗೆಮನೆಯ ಕಿಟಕಿಯ ಬಳಿ ಮಾತಾಡುತ್ತಿದ್ದರು. ಅವರ ಕೊನೆಯ ಮಾತು ಅಲ್ಲಿಯೇ ಉಳಿದಿದೆ." ಬರೆದವನು ನಾನು. ಹೇಗೆ ಬರೆದೆ ಎಂದು ನಿಂತಲ್ಲೇ ನೆನಪು ಮಾಡಿಕೊಂಡೆ. ಪಕ್ಕದ ಮನೆಯ ಗುಂಡಮ್ಮ ನನಗೆ ಹೇಳಿದ್ದು ಇಷ್ಟೇ: "ದಿನಾ ಸಂಜೆ ಆ ಕಿಟ್ಕಿ ತಾವ ನಿಂತಿರೋಳು, ಪಾಪ." ನಿಂತಿರುವವರು ಮಾತಾಡುತ್ತಿರುತ್ತಾರೆ ಎಂದು ತೀರ್ಮಾನಿಸಿದವನು ನಾನು. ಆ ದಿನ ಪುಟ ಮುಚ್ಚುವ ಹೊತ್ತಾಗಿತ್ತು. ಕಾಟಯ್ಯನನ್ನು ಕೇಳಲಿಲ್ಲ. ಅವನು ಭಟ್ಟಿಯಿಂದ ಮನೆಗೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಹೆಂಡತಿಯ ಸಂಜೆಗಳನ್ನು ಅವನು ಕಂಡವನಲ್ಲ. ನಾನು ಬರೆದದ್ದನ್ನೇ ನಂಬಿ ಬಾಗಿಲಿಗೆ ಅಗಳಿ ಹಾಕಿದ್ದ.

ಇದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಚಿಕ್ಕೀರಮ್ಮ ಹಿತ್ತಲಿಗೆ ಹೋಗಿಯಾಗಿತ್ತು. ನಾವಿಬ್ಬರೂ ಹಿಂದೆ ಹೋದೆವು. ಅವರು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಅವರೆ ಚಪ್ಪರದ ಹತ್ತಿರವೇ ನಿಲ್ಲಿಸಿ, ತಾವೊಬ್ಬರೇ ಅಡುಗೆಮನೆಯ ಕಿಟಕಿಯ ಹತ್ತಿರ ಹೋದರು. ಸೆರಗಿನಿಂದ ಮಸಿ ಒರೆಸಿದರು. ದಾರ ಹಿಡಿದರು. ಗಾಡಿಗೆ ಬೆರಳು ಹಾಕಿ ನೋಡಿದರು. ಗಾಜಿಗೆ ಕೆನ್ನೆ ತಾಗಿಸಿ ಓರೆಯಾಗಿ ಮೇಲೆ ನೋಡಿದರು. ಗಾಜಿನ ಮೂಲಕ ಒಳಗಿನ ಗೂಟ ನೋಡಿದರು. ಮತ್ತೊಮ್ಮೆ ದಾರ ಹಿಡಿದರು. ಅವರು ಎರಡು ಸಲ ಅಳೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ನಡೆದು ಚಪ್ಪರದವರೆಗೆ ಬಂದು ಉಸಿರು ಬಿಟ್ಟರು.

"ಕಾಟಯ್ಯ, ಇದು ಅಡುಗೆಮನೆ ಕಿಟ್ಕಿ ಅಲ್ಲ."

"ಅಂಗಂದ್ರೆ?"

"ಇದನ್ನ ಯಾವಾಗ ಹಾಕ್ಸಿದ್ದು?"

"ಹನ್ನೊಂದ್ ವರ್ಷ ಆತು. ಹಳೇದಕ್ಕೆ ಗೆದ್ಲು ಹತ್ತೈತೆ ಅಂತ ಅವಳೇ ಹೊಳೆ ಆಚೆ ಊರಿನ ಬಡಗಿ ತಾವ ಮಾಡ್ಸಿ ತಂದ್ಲು."

"ಗೆದ್ಲು!" ಚಿಕ್ಕೀರಮ್ಮ ತಲೆ ಅಲ್ಲಾಡಿಸಿದರು. "ಹನ್ನೊಂದ್ ವರ್ಷದ ಹಿಂದೆ ಒಂದಿನ ನಿನ್ನೆಂಡ್ತಿ ನಮ್ಮನೆಗ್ ಬಂದು, ಅಕ್ಕ, ಅವರೆ ಬಳ್ಳಿ ಕಟ್ಟಕ್ಕೆ ಒಂದು ದಾರ ಕೊಡು ಅಂದ್ಲು. ನಿನ್ ದಾರಾನೇ ಬಿಚ್ಕಂಡ್ಲು, ನಮ್ಮನೇದೇ ಅಲ್ವಾ ಅಂತ. ಮಾರ್ನೇ ದಿನ ತಂದ್ಕೊಟ್ಲು. ಬಳ್ಳಿ ಕಟ್ಟಿದ್ ದಾರ ಮಾರ್ನೇ ದಿನ ವಾಪಸ್ ಬತ್ತದೇನೋ? ನಂಗೆ ಅವತ್ತೇ ಹೊಳೀಬೇಕಿತ್ತು."

ದಾರದ ಎರಡು ಗಂಟುಗಳನ್ನು ಅವನ ಮುಂದೆ ಹಿಡಿದರು. "ಮೊಣಕೈಯಿಂದ ಹುಬ್ಬು. ಒಂದ್ ನೂಲೂ ಹೆಚ್ಚಿಲ್ಲ, ಒಂದ್ ನೂಲೂ ಕಮ್ಮಿ ಇಲ್ಲ. ಗಾಡಿಗೆ ಕಂಬಳಿ. ಮರದ ಗೂಟ. ಗಾಜು ಹೊರಕ್ಕೆ ಒಂದ್ ಬೆರಳು ಓರೆ. ಒಗ್ಗರಣೆ ಹಾಕೋ ಮನೇಲಿ ಇವೆಲ್ಲ ಯಾಕಪ್ಪ? ಕದ ಬಲಕ್ಕೆ ಸರೀತದೆ. ಬಲಕ್ಕೆ! ಈ ಊರಿನ ಗೂಡಿನೋರಲ್ಲಿ ಎಡಚ ಯಾರು?"

ಕಾಟಯ್ಯ ತನ್ನ ಎಡಗೈಯನ್ನು ನೋಡಿಕೊಂಡ.

"ನಿಮ್ಮಪ್ಪನ ಕಿಟ್ಕಿ ಸಂದು ಬಿಡ್ತಿತ್ತು. ನಿಂಗ್ ಕಾಣಲಿಲ್ಲ, ಅವಳಿಗ್ ಕಾಣ್ತು. ಹೊಸದೊಂದ್ ಸಾಕ್ತಿದ್ಲು ಕಣೋ. ನಿಂಗ್ ಹೇಳಿದ್ರೆ ನೀನೇ ಮೊದ್ಲು ಹೋಗಿ 'ಹೌದಾ?' ಅಂತಿದ್ದೆ."

ಆಮೇಲೆ ಕಾಟಯ್ಯ, "ಅಡುಗೆಮನೆಗೆ ಕಾಲಿಟ್ರೆ ಬಾಯಿ ಮುಚ್ಚಿ ಆಚೆಗೆ ಎಳ್ಕಂಡ್ ಬರೋಳು. ಜಗಲಿ ಮ್ಯಾಲೇ ಉಣ್ಣಾಕ್ ಇಕ್ಕೋಳು. ನನ್ ಮಾತು ಕಂಡ್ರೆ ಆಗಕಿಲ್ಲ ಅಂದ್ಕಂಡಿದ್ದೆ" ಎಂದ. ಮತ್ತೆ, "ಜ್ವರದಾಗೆ ಏನಾದ್ರೂ ಮಾತಾಡಿದ್ರೆ? ಆ ಆರ್ ದಿನ ಒಳಗೇ ಮಲಗಿದ್ಲು" ಎಂದ.

"ಆಡಿದ್ರೂ ಆಡಿರ್ಬೋದು. ನಾನ್ ಹೆಂಗ್ ಹೇಳ್ಲಿ? ಮಾತಿದ್ರೆ ಅವಳ ಮಾತು ನಿಂಗೆ. ಸುಮ್ನಿದ್ರೆ ಅವಳ ಕೆಲ್ಸ ನಿಂಗೆ. ಬೇಡಾಂದ್ರೆ ಅಗಳಿ ಹಾಕೇ ಇರು, ಗೂಡು ಹೋಗ್ಲಿ. ನಾನೇನೂ ಅನ್ನಕಿಲ್ಲ."

ಚಿಕ್ಕೀರಮ್ಮನ ಬಗ್ಗೆ ನನಗಿರುವ ಮೆಚ್ಚುಗೆಗೆ ಕಾರಣ ಹೇಳಬೇಕೆಂದರೆ ಈ ಮಾತು. ಅಷ್ಟೆಲ್ಲ ಸಾಕ್ಷ್ಯ ಕೈಯಲ್ಲಿದ್ದೂ, ತಾವು ಕಾಣದ ಆರು ದಿನಗಳ ಬಗ್ಗೆ ಅವರು ಒಂದಕ್ಷರ ಹೇಳಲಿಲ್ಲ. ನಾನು ಕಾಣದ್ದನ್ನು ಬರೆಯಬಾರದ ವೃತ್ತಿಯಲ್ಲೇ ಮೂವತ್ತು ವರ್ಷ ಇದ್ದು, ಒಂದು ಸಂಜೆಯ ಆತುರಕ್ಕೆ ಅದನ್ನು ಮರೆತಿದ್ದೆ.

ಕಾಟಯ್ಯ ಅಗಳಿ ತೆಗೆದ. ನಾವು ಮೂವರೂ ಒಳಗೆ ಹೋದೆವು. ಮಡಕೆಗಳು ಇದ್ದಲ್ಲೇ ಇದ್ದವು, ಮೇಲೆ ಧೂಳು. ಅವನು ಕಿಟಕಿಯ ಮುಂದೆ ನಿಂತು ಬಲಗೈಯಿಂದ ಗೂಟ ಎತ್ತಿದ. ಕದ ಕಂಬಳಿಯ ಮೇಲೆ ಬಲಕ್ಕೆ ಸರಿಯಿತು. ಚಪ್ಪರದ ಮೇಲೆ ಒಂದು ಹಕ್ಕಿ ಹಾರಿ ಕೂತದ್ದು ಕೇಳಿಸಿತು. ಪಕ್ಕದ ಬೀದಿಯಲ್ಲಿ ಯಾರೋ ಕೊಡ ಕೆಳಗಿಟ್ಟದ್ದು ಕೇಳಿಸಿತು. ಕಿಟಕಿಯಿಂದ ಏನೂ ಇಲ್ಲ.

ಮುಚ್ಚಿದ. ತೆರೆದ. ಏನೂ ಇಲ್ಲ. ಮೂರನೆಯ ಸಲ ಬಹಳ ನಿಧಾನವಾಗಿ, ಕಿವಿಯನ್ನು ಸಂದಿಗೆ ಹಿಡಿದು ತೆರೆದ. ಆಮೇಲೆ ಅವನ ಬಾಯಿ ತೆರೆಯಿತು. ಏನೋ ಹೇಳುವವನಿದ್ದ. ಚಿಕ್ಕೀರಮ್ಮ ಒಂದೇ ಹೆಜ್ಜೆಗೆ ಮುಂದೆ ಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ರಟ್ಟೆ ಹಿಡಿದು, ಐವತ್ತು ವರ್ಷದ ಗಂಡಸನ್ನು ದರದರ ಎಳೆದುಕೊಂಡು ಜಗಲಿಗೆ ಬಂದರು. ಅಲ್ಲಿ ಕೈ ತೆಗೆದರು.

"ಹಿಂಗೇ" ಎಂದ ಕಾಟಯ್ಯ. ಅಳುತ್ತಿದ್ದನೋ ನಗುತ್ತಿದ್ದನೋ ನಾನು ನಿಶ್ಚಯವಾಗಿ ಹೇಳಲಾರೆ. "ಹಿಂಗೇ ಎಳ್ಕಂಡ್ ಬರೋಳು ಅಕ್ಕ. ಥೇಟ್ ಹಿಂಗೇ."

ಬೇಟೆಯ ನಾಲ್ಕನೆಯ ದಿನ ಬೆಳಗಿನ ಆರೂಕಾಲಕ್ಕೆ, ಆ ಕಿಟಕಿ ತಂದು ಹಾಕಿದ್ದ ಅವನ ಗೂಡಿನಲ್ಲಿ ನಾನು ಮುದುಡಿಕೊಂಡು ಕೂತಿದ್ದೆ. ಹುರುಳಿ ಹೊಲದಂಚಿಗೆ ಮೂರು ಜಿಂಕೆಗಳು ಬಂದವು, ಅವುಗಳಲ್ಲೊಂದು ಕೊಂಬುಳ್ಳ ಗಂಡು. ಕಾಟಯ್ಯ ಕೋವಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕದ ಸರಿಸಿದ. ಗಂಡು ಜಿಂಕೆ ತಲೆ ಎತ್ತಲಿಲ್ಲ, ಒಂದು ಕಿವಿಯನ್ನೂ ತಿರುಗಿಸಲಿಲ್ಲ. ಹೆಜ್ಜೆಯಲ್ಲಿ ಅಳೆದಂತೆ ದೂರ ಅರವತ್ತೆರಡು. ಒಂದೇ ಗುಂಡು. ಹೊಡೆದ ಮೇಲೂ ಅವನು ಬಾಯಿ ಬಿಡಲಿಲ್ಲ. ಕದ ಮುಚ್ಚಿ, ಗೂಟ ಹಾಕಿ, ಹೊರಗೆ ಬಂದು ಹತ್ತು ಹೆಜ್ಜೆ ನಡೆದ ಮೇಲೆ "ಬಿತ್ತು" ಎಂದ.

ಮಧ್ಯಾಹ್ನ ಅವನ ಬೀದಿಯ ಹದಿನಾಲ್ಕು ಮನೆಗಳಿಗೂ ಬೋಗುಣಿಗಳು ಹೋದವು. ಸಂಜೆ ಅವನು ಪತ್ರಿಕೆಯ ಕಚೇರಿಗೆ ಬಂದು, ಬಾಗಿಲಲ್ಲೇ ನಿಂತು, "ಮೂರ್ನೇ ಅಂಕಣದಾಗೆ ಓಬಕ್ಕ ಅಂತ ಹಾಕ್ರಿ" ಎಂದ. ನಾನು ಆಗುವುದಿಲ್ಲ ಎಂದೆ. ಕಿಟಕಿಯನ್ನು ಏಳು ವರ್ಷ ಸಾಕಿದವರು ಓಬಕ್ಕ. ಉಳಿದ ನಾಲ್ಕು ವರ್ಷ ಆ ಬಾಗಿಲಿಗೆ ಅಗಳಿ ಹಾಕಿ, ತಾನೂ ಮಾತಾಡದೆ, ಇನ್ನೊಬ್ಬರನ್ನೂ ಮಾತಾಡಗೊಡದೆ ಇದ್ದವನು ಇವನು. ಕಾರಣ ತಪ್ಪಾಗಿತ್ತು, ಕೆಲಸ ತಪ್ಪಾಗಿರಲಿಲ್ಲ. ಪಟ್ಟಿಯಲ್ಲಿ "ಓಬಕ್ಕ, ಏಳು ವರ್ಷ, ಕಾಟಯ್ಯ, ನಾಲ್ಕು ವರ್ಷ" ಎಂದು ಹಾಕಿದೆ. ಅವನು ಅಚ್ಚಾದದ್ದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿಗೆ ಇಟ್ಟುಕೊಂಡ. ಹಳೆಯ ತುಂಡನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದ.

ಅದೇ ಸಂಚಿಕೆಗೆ ನಾನು ಇನ್ನೂ ಒಂದು ಸಣ್ಣ ಟಿಪ್ಪಣಿ ಬರೆದೆ. ಕರಡನ್ನು ಗಟ್ಟಿಯಾಗಿ ಓದಿಯೇ ಅಚ್ಚಿಗೆ ಬಿಡಬೇಕೆಂದು ಶೇಷಗಿರಿರಾಯರು ಕಲಿಸಿದ್ದರು. ಅಕ್ಷರ ಸಣ್ಣದು, ಹೊತ್ತು ಇಳಿಯುತ್ತಿತ್ತು. ಬೆಳಕಿಗೆಂದು ನಾನು ಎದ್ದು ಎಲ್ಲಿ ಹೋಗಿ ನಿಂತೆ ಎಂಬುದು ಓದಿ ಮುಗಿಯುವವರೆಗೆ ನನ್ನ ಗಮನಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯ ಕಿಟಕಿ ತೆರೆದೆ. ರಾಯರ ದೀರ್ಘ ಹೋಗಿತ್ತು. ಅದರ ಬದಲು, ನನ್ನದೇ ದನಿ, ಸ್ವಲ್ಪ ಒಡಕಾಗಿ: "ಓಬಕ್ಕನವರ ನಿಧನ ವಾರ್ತೆಯಲ್ಲಿ ಮಾತಾಡುತ್ತಿದ್ದರು ಎಂದಿರುವುದನ್ನು ಸುಮ್ಮನಿರುತ್ತಿದ್ದರು ಎಂದು ಓದಿಕೊಳ್ಳಬೇಕು."

ಅದರ ಮುಂದೆ ಬೇರೇನಾದರೂ ಒಂದು ಮಾತು ಆಡಿದರೆ ಇದು ಅಳಿಸಿಹೋಗುತ್ತದೆ. ಇದುವರೆಗೆ ಆಡಿಲ್ಲ.